ಮುರಿದವನೇ ಹೊರಬೇಕು

…ಎಡಗಿವಿಯೇ ಇರಬೇಕು. ಮಾಮ ಎದುರು ನಿಂತಂತೆ ನೆನೆಸಿಕೊಂಡರೆ ಹರಿದದ್ದು ಬಲಗಿವಿ ಅನ್ನಿಸುತ್ತದೆ, ಪಕ್ಕದಲ್ಲಿ ಕೂತಂತೆ ನೆನೆಸಿಕೊಂಡರೆ ಎಡಗಿವಿ. ಅರ್ಧ ಕಿವಿ ಇರಲಿಲ್ಲ ಎಂಬುದಷ್ಟೇ ಖಾತ್ರಿ. ಉಳಿದರ್ಧದ ಅಂಚು ಕುರಿ ಮೇದ ಎಲೆಯಂತೆ ಹರಕು ಹರಕಾಗಿತ್ತು. ಸಿಟ್ಟು ಬಂದರೆ ಮೊದಲು ಆ ಅಂಚು ಕೆಂಪಾಗುತ್ತಿತ್ತು, ಆಮೇಲೆ ಕೈ ಏಳುತ್ತಿತ್ತು. ಅದಕ್ಕೇ ನಾವು ಅವನ ಮುಖ ನೋಡುತ್ತಿರಲಿಲ್ಲ, ಕಿವಿ ನೋಡುತ್ತಿದ್ದೆವು.

ತೆಲುಗು, ಕನ್ನಡ ಎರಡೂ ನಡೆಯುವ ಗಡಿಯೂರು ಮಕ್ತಲ್‌ನ ಬೀರಪ್ಪನ ಗುಡಿ ಓಣಿಯಲ್ಲಿ ಸಾಬಣ್ಣ ನಮಗೆಲ್ಲ ಮಾಮ. ಹೊಟ್ಟೆಪಾಡಿಗೆ ಕುರಿ ವ್ಯಾಪಾರ, ಉಳಿದ ಹೊತ್ತೆಲ್ಲ ಕಬಡ್ಡಿ. ಆಟಗಾರರನ್ನು ಆರಿಸುವಾಗಲೂ ಸಂತೆಯ ರೂಢಿ ಬಿಡುತ್ತಿರಲಿಲ್ಲ. ತೊಡೆಗೆ ಕೈ ಹಾಕಿ ಹಿಂಡುವನು, ಬೆನ್ನಹುರಿಯ ಮೇಲೆ ಹೆಬ್ಬೆರಳು ಒತ್ತುವನು, “ಇದ್ರಾಗ ಮಾಂಸಿಲ್ಲ, ಬರೇ ತುಪ್ಪಟ ಐತಿ” ಎಂದು ಪಕ್ಕಕ್ಕೆ ತಳ್ಳುವನು. ಉಸಿರು ಹಿಡಿಯುವುದನ್ನು ಕಲಿಸುತ್ತಿದ್ದದ್ದು ಕೆರೆಯಲ್ಲಿ. ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ, ಕೂದಲು ಹಿಡಿದು ತಲೆ ಮುಳುಗಿಸುವನು. ಕೈಕಾಲು ಬಡಿದರೂ ಬಿಡುತ್ತಿರಲಿಲ್ಲ. ಮೇಲೆದ್ದು ಕೆಮ್ಮುತ್ತ ಕಾರಿಕೊಳ್ಳುತ್ತಿದ್ದರೆ, “ಸತ್ತಿಲ್ಲಲ್ಲ? ಮತ್ಯಾಕ ಸತ್ತಂಗ ಮಾಡ್ತೀಯೋ” ಎನ್ನುವನು. ಒಮ್ಮೆ ನನ್ನ ಮೂಗಿನಿಂದ ರಕ್ತ ಬಂತು. ತನ್ನ ಧೋತರದ ಚುಂಗಿನಿಂದ ಮೆತ್ತಗೆ ಒರೆಸಿ, ಮತ್ತೆ ಮುಳುಗಿಸಿದ. ಇದನ್ನು ಈಗ ಪ್ರೀತಿಯಿಂದ ನೆನೆಯುತ್ತಿದ್ದೇನೆ ಎಂಬುದೇ ನನ್ನ ನೆನಪಿನ ಮೇಲೆ ನನಗೆ ಅನುಮಾನ ಹುಟ್ಟಿಸುತ್ತದೆ.

ಕಿವಿ ಹರಿದ ಆಟ ಮಲ್ದಕಲ್‌ನಲ್ಲಿ ನಡೆಯಿತೆಂದು ಒಮ್ಮೆ ಹೇಳಿದ, ಇನ್ನೊಮ್ಮೆ ವಡ್ಡೆಪಲ್ಲಿಯಲ್ಲಿ ಎಂದ. ಕಚ್ಚಿದವನು ಮಾತ್ರ ಬದಲಾಗಲಿಲ್ಲ, ಧರೂರಿನ ಈರಣ್ಣ. ಹಿಡಿತ ಬಿಡಿಸಿಕೊಳ್ಳಲು ಕಚ್ಚಿದನಂತೆ. ಮಾಮ ಎಚ್ಚರ ತಪ್ಪಿ ಬಿದ್ದಾಗ ಅದೇ ಈರಣ್ಣ ಬಾಯಲ್ಲಿನ ರಕ್ತ ಉಗುಳುತ್ತ ಅವನನ್ನು ಹೆಗಲಿಗೆ ಹಾಕಿಕೊಂಡು ದವಾಖಾನೆಗೆ ಓಡಿದ. ಮುಂದೆ ಆ ಈರಣ್ಣನ ಮಗನಿಗೇ ಮಾಮ ತನ್ನ ಮಗಳನ್ನು ಕೊಟ್ಟ. ಕಥೆ ತೀರ ಅಚ್ಚುಕಟ್ಟಾಗಿದೆ, ನಾನಂತೂ ಪೂರಾ ನಂಬುವುದಿಲ್ಲ. ಆದರೆ ಮಗಳು ಧರೂರಿನ ಸೊಸೆ ಎಂಬುದು ನಿಜ.

ನಮ್ಮ ಆಟದ ಕಟ್ಟಳೆಯೂ ಅಲ್ಲಿಂದಲೇ ಬಂತು: ಮುರಿದವನೇ ಹೊರಬೇಕು. ಎಲುಬು ಮುರಿಯಲಿ, ಹಲ್ಲು ಉದುರಲಿ, ಪೆಟ್ಟು ಕೊಟ್ಟವನೇ ಪೆಟ್ಟು ತಿಂದವನನ್ನು ಹೊತ್ತು ದವಾಖಾನೆ ಮುಟ್ಟಿಸಬೇಕು. ಬೇರೆ ಯಾರೂ ಕೈ ಹಚ್ಚುವಂತಿಲ್ಲ. ಹೊತ್ತುಕೊಂಡು ಹೋದವನೇ ಮುರಿದವನೆಂದು ಊರಿಗೆ ತಿಳಿಯುತ್ತಿತ್ತು. ಅವನು ಹೊತ್ತನೆಂದರೆ ಮಾತು ಅಲ್ಲಿಗೆ ಮುಗಿಯಿತು. ಸೇಡು ಗೀಡು ಏನೂ ಇಲ್ಲ.

ನಮ್ಮ ಓಣಿಗೂ ಬಸ್‌ಸ್ಟ್ಯಾಂಡಿನ ಕಡೆಯವರಿಗೂ ಹಳೆಯ ಹಗೆಯಿತ್ತು. ಬೋರಿನ ನೀರಿಗಾಗಿ ಒಮ್ಮೆ ಕೊಡಲಿಗಳು ಹೊರಬಂದವು. ಕಡಿದುಬಿದ್ದ ಬೆರಳು ಕೆಸರಿನಲ್ಲಿ ಇದ್ದದ್ದನ್ನು ನಾನು ಕಂಡಿದ್ದೇನೆ. ಅಥವಾ ಕಂಡವರಿಂದ ಅಷ್ಟು ಸಲ ಕೇಳಿದ್ದೇನೆ. ಮಾಮ ನಡುವೆ ನುಗ್ಗಿ, ಸಿಕ್ಕಸಿಕ್ಕವರ ಕೆನ್ನೆಗೆ ಬಾರಿಸಿ, ಕೊಡಲಿಗಳನ್ನು ಕಿತ್ತು ಬಾವಿಗೆ ಎಸೆದ. ಬೂದಿಯಿಂದ ನೆಲದ ಮೇಲೆ ಗೀಟು ಎಳೆದ.

“ಹೊಡದಾಡೂದಿದ್ರ ಗೀಟಿನ ಒಳಗ ಹೊಡದಾಡ್ರಿ. ಹೊರಗ ಬಂದ್ರ ಎಲ್ಲಾರ್ಗೂ ಒಂದ ಕೇತ್ಲಿ ಚಾ.”

ಆ ಸಂಜೆ ಹೆಗಲ ಎಲುಬು ಮುರಿಯಿತು, ತುಟಿ ಸೀಳಿತು, ಚಹಾದ ಲೋಟಗಳಿಗೆ ರಕ್ತ ಅಂಟಿತು. ಆಮೇಲೆ ವರ್ಷಗಟ್ಟಲೆ ಕೊಡಲಿ ಹೊರಗೆ ಬರಲಿಲ್ಲ. ಆಟಗಳಿಂದ ದೇಶ ಒಂದಾಗುತ್ತದೆ ಎಂದು ಶಾಲೆಯಲ್ಲಿ ಪ್ರಬಂಧ ಬರೆಯುತ್ತಿದ್ದೆವು. ಆ ಮಾತಿನ ಅರ್ಥ ನನಗೆ ತಿಳಿದಿರುವುದು ಇಷ್ಟೇ.

ಪ್ರತ್ಯೇಕ ರಾಜ್ಯಕ್ಕಾಗಿ ತೆಲಂಗಾಣ ಚಳವಳಿ ಕಾವೇರಿದಾಗ ಊರೆಲ್ಲ ಹೋಗಿ ಊರ ಪಕ್ಕದ ಹೈದರಾಬಾದ್ ರಸ್ತೆಗೆ ಅಡ್ಡ ಕೂತಿತು. ರಸ್ತೆಯಲ್ಲೇ ಒಲೆ ಹೂಡಿ ಅಡುಗೆ ಮಾಡಿದರು, ಹೆಂಗಸರು ಹೂವಿನ ರಾಶಿಯ ಸುತ್ತ ಬತುಕಮ್ಮ ಆಡಿದರು. ಕಬಡ್ಡಿಯೂ ಆಗಲಿ ಎಂದ ಮುಂದಾಳು ನರಸಿಂಹುಲು. ನಮ್ಮ ಓಣಿಗೂ ಬಸ್‌ಸ್ಟ್ಯಾಂಡಿನವರಿಗೂ ಆಟ, ಸೀಟಿ ಊದುವವನು ಮಾಮ. ಮಾಮನೂ ಚಳವಳಿಯವನೇ, ಪೊಲೀಸರ ಲಾಠಿಯ ಬಾಸುಂಡೆ ಅವನ ಬೆನ್ನ ಮೇಲಿತ್ತು. ಆದರೂ ಅವನಿಗೆ ಈ ಆಟ ಬೇಡವಾಗಿತ್ತು. ನರಸಿಂಹುಲುಗೆ ಅದು ಲಾರಿಯವರೆದುರು ತೋರಿಸುವ ತಮಾಷೆ. ಮಾಮನಿಗೆ ಗೊತ್ತಿತ್ತು, ಒಮ್ಮೆ ಗೀಟಿನ ಮಾತು ನಡೆಯದೆ ಹೋದರೆ ಮತ್ತೆ ಕೊಡಲಿಯೇ. ಬೇಡವೆನ್ನಲು ಆಗಲಿಲ್ಲ. ಡಾಂಬರಿನ ಮೇಲೆ ಒಂದು ಟ್ರ್ಯಾಕ್ಟರ್ ಮಣ್ಣು ಹಾಸಿಸಿದ. ಅದು ಜರುಗಿ ಜರುಗಿ ಡಾಂಬರು ಮೇಲೆ ಬಂತು. ನಮ್ಮ ಮೊಣಕಾಲಿನ ಚರ್ಮ ಸುಲಿದು ರಸ್ತೆಗೆ ಮೆತ್ತಿಕೊಂಡಿತು.

ಎರಡೂ ಕಡೆ ಸಮ ಸಮ ಇದ್ದಾಗ ಅವರ ಕಡೆಯ ಆಂಜನೇಯುಲು ದಾಳಿಗೆ ಬಂದ. ಒಂದೇ ಉಸಿರಿನಲ್ಲಿ ಕಬಡ್ಡಿ ಎನ್ನುತ್ತಲೇ ನಡುಗೀಟಿಗೆ ಮರಳಬೇಕು. ನಾನು ಅವನ ಎದೆಗೆ ತಲೆ ಆನಿಸಿ ಸೊಂಟ ತಬ್ಬಿ ಹಿಡಿದೆ, ಉಳಿದವರು ಮೇಲೆ ಬಿದ್ದರು. ಅವನ ಮೊಣಕೈ ನನ್ನ ಹಲ್ಲಿಗೆ ಬಡಿದು ಬಾಯಿ ಉಪ್ಪುಪ್ಪಾಯಿತು. ನಮ್ಮನ್ನೆಲ್ಲ ಎಳೆದುಕೊಂಡೇ ಅವನು ತೆವಳಿದ. ತೆವಳುತ್ತ ತೆವಳುತ್ತ ಬಾಯಲ್ಲಿನ ಕಬಡ್ಡಿ ಹೋಗಿ ಜೈ ತೆಲಂಗಾಣ ಬಂತು. ರಸ್ತೆಯ ಮಂದಿಯೆಲ್ಲ ದನಿಗೂಡಿಸಿದರು. ಅವನ ಬೆರಳು ಗೀಟು ಮುಟ್ಟಿತು. ಮಾಮ ಸೀಟಿ ಊದಿ ಕೈಯೆತ್ತಿದ. ಔಟ್.

ನರಸಿಂಹುಲು ಅಂಕಣದೊಳಗೆ ಬಂದ. “ಜೈ ತೆಲಂಗಾಣ ಅಂದ್ರ ಔಟೇನ್ರೀ ಸಾಬಣ್ಣ? ನಿಮ್ಮ ಮಾತಂತೂ ಕನ್ನಡದ್ದು. ಸೀಟಿ ಯಾವ ಸರ್ಕಾರದ್ದು?”

“ಜೈ ಅನ್ನಾಕ ರಸ್ತಾ ಪೂರಾ ಐತಿ, ಅನ್ರಿ, ನಾನೂ ಅಂತೀನಿ. ಇಲ್ಲಿ ಔಟ್ ಅಂದ್ರ ಔಟ್.”

ಮಾತು ಬದಲಾದದ್ದಕ್ಕೋ ಉಸಿರು ಮುರಿದದ್ದಕ್ಕೋ, ಅದನ್ನಾದರೂ ಹೇಳು ಎಂದು ನಮ್ಮವರೇ ಅಂಗಲಾಚಿದರು. ಉಸಿರು ಮುರಿಯಿತು ಎಂದುಬಿಟ್ಟಿದ್ದರೆ ಸಾಕಿತ್ತು, ಯಾರೂ ಎದುರಾಡುತ್ತಿರಲಿಲ್ಲ. ಮಾಮ ಜನ್ಮದಲ್ಲಿ ಯಾವತ್ತೂ ಸೀಟಿಗೆ ಕಾರಣ ಕೊಟ್ಟವನಲ್ಲ. ಅರ್ಧ ಕಿವಿ ಕೆಂಪಗಾಗಿತ್ತು.

“ಕಾರಣ ಬೇಕಾದಾಂವ ಬಂದು ಸೀಟಿ ಇಸ್ಕೋಬಹುದು. ಕಾರಣ ಸಿಗೂದಿಲ್ಲ.”

ಮೊದಲ ಏಟು ನರಸಿಂಹುಲುವಿನ ಹಿಂದಿದ್ದ ಗುಂಪಿನಿಂದ ಬಂದ ಬಾವುಟದ ಕೋಲಿನದು, ಬಾಯಿಗೆ ಬಿತ್ತು. ಮಾತು ಮುಗಿಸಿ ಸೀಟಿಯನ್ನು ಮತ್ತೆ ಬಾಯಿಗೆ ಇಟ್ಟುಕೊಂಡಿದ್ದ. ಹಲ್ಲಿನ ಜೊತೆಗೆ ಹೊರಗೆ ಬಂತು. ಆಮೇಲೆ ಕೋಲುಗಳು ಎಣಿಕೆಗೆ ಸಿಗಲಿಲ್ಲ. ಮೊಣಕಾಲು ಮುರಿದ ಸದ್ದು ಮಾತ್ರ ಎಲ್ಲರಿಗೂ ಕೇಳಿತು, ಯಾಕೆಂದರೆ ಆ ಸದ್ದಿಗೇ ಎಲ್ಲರೂ ನಿಂತರು, ಹಿಂದೆ ಸರಿದರು.

ಮಾಮ ಮಣ್ಣಿನಲ್ಲಿ ಬಿದ್ದಿದ್ದ. ಕಾಲು ಇರಬಾರದ ಕಡೆಗೆ ತಿರುಗಿತ್ತು. ಸುತ್ತ ಅಷ್ಟು ಮಂದಿ, ಒಬ್ಬರೂ ಎತ್ತಲಿಲ್ಲ. ಎತ್ತಿದವನೇ ಮುರಿದವನಾಗುತ್ತಾನೆ. ಅವನು ಕಟ್ಟಿದ ಕಟ್ಟಳೆಯೇ ಅವನನ್ನು ಬಿಸಿಲಿನಲ್ಲಿ ಕೆಡವಿತ್ತು. ನಮ್ಮ ಓಣಿಯ ಹುಡುಗರು ಆಗಲೇ ಮನೆಗಳ ಕಡೆ ಓಡುತ್ತಿದ್ದರು, ಏನು ತರಲು ಎಂದು ಕೇಳಬೇಕಾಗಿರಲಿಲ್ಲ.

“ಬಿಡೋ. ಆಟ ಮುಗೀತು, ಇನ್ನೂ ಹಿಡಕೊಂಡೀಯಲ್ಲ” ಎಂದ ಆಂಜನೇಯುಲು. ನನ್ನ ಕೈಗಳು ಅವನ ಸೊಂಟದ ಸುತ್ತ ಹಾಗೇ ಇದ್ದವು. ಮೊದಲ ಏಟಿನಿಂದ ಕೊನೆಯ ಏಟಿನವರೆಗೂ ಹಾಗೇ ಇದ್ದವು. ಅವನು ಎದ್ದು ಹೋಗಿ ಮಾಮನನ್ನು ಹೆಗಲಿಗೆ ಹಾಕಿಕೊಂಡ. ನಾವೇ ತಡೆದ ರಸ್ತೆ, ಗಾಡಿ ಎಲ್ಲಿಂದ ಬರಬೇಕು? ನಿಂತ ಲಾರಿಗಳ ಸಾಲಿನ ಪಕ್ಕ ನಡೆದೇ ಹೋದ. ಕೊಡಲಿ ಹಿಡಿದು ಬಂದವರು ಅವನನ್ನು ನೋಡಿ ನಿಂತರು. ಹೊರುವವನು ಹೊತ್ತಿದ್ದ. ಮಾತು ಮುಗಿದಿತ್ತು.

ಅವನು ಹೊಡೆದಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಊರು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನೂ ಇಲ್ಲವೆನ್ನಲಿಲ್ಲ. ಯಾರಾದರೂ ಹೊರಬೇಕಿತ್ತಲ್ಲ ಎಂದು ನನ್ನ ಹತ್ತಿರ ಒಮ್ಮೆ ಗೊಣಗಿದ, ಅಷ್ಟೇ.

ತೆಲಂಗಾಣ ರಾಜ್ಯ ಬಂತು. ಪಟಾಕಿ ಹೊಡೆದೆವು, ಗುಲಾಲು ಎರಚಿದೆವು. ಆ ಸಂಭ್ರಮಕ್ಕೆಂದು ಇಟ್ಟ ಕಬಡ್ಡಿ ಪಂದ್ಯದಲ್ಲಿ ಮಾಮನಿಗೆ ಶಾಲು ಹೊದಿಸಬೇಕೆಂದು ನರಸಿಂಹುಲು ಹೇಳಿಕಳಿಸಿದ. ಕರೆಯಲು ಧರೂರಿಗೆ ಹೋದೆ. ಮಗಳ ಮನೆಯ ಕಟ್ಟೆಯ ಮೇಲೆ ಮಡಚಲಾಗದ ಕಾಲು ಚಾಚಿ ಕೂತಿದ್ದ. ಹಲ್ಲಿಲ್ಲದ ಬಾಯಲ್ಲಿ ಮಾತು ಸೋರುತ್ತಿತ್ತು.

“ಶಾಲು ಯಾಕೋ? ಸೀಟಿ ಕೊಡ್ತಾರೇನು, ಕೇಳಿದಿ?”

ಸೀಟಿಗೆ ನಾರಾಯಣಪೇಟೆಯಿಂದ ಬೇರೆಯವರು ಬರುವವರಿದ್ದರು. ಮಗಳು ಚಹಾ ತಂದಿಟ್ಟಳು. ಧೈರ್ಯ ಮಾಡಿ ಕೇಳಿಯೇಬಿಟ್ಟೆ, ಅಂದು ಔಟ್ ಕೊಟ್ಟದ್ದು ಮಾತಿಗೋ, ಉಸಿರಿಗೋ.

ಮಾಮ ಲೋಟ ಕೆಳಗಿಟ್ಟ. “ನಾ ದೂರ ನಿಂತಿದ್ನೆಪ್ಪ. ನಿನ್ನ ಕಿವಿ ಅವನ ಎದಿಗೇ ಹತ್ತಿತ್ತು. ನೀ ಹೇಳು.”

ಆ ವರ್ಷವೇ ಮಾಮ ತೀರಿಹೋದ. ಮಕ್ತಲ್‌ನ ರಸ್ತೆಯಲ್ಲಿ ನಿಂತರೆ ಎಲ್ಲವೂ ನೆನಪಾಗುತ್ತದೆ: ಸುಲಿದ ಚರ್ಮ, ಬಾಯಲ್ಲಿನ ಉಪ್ಪು, ಕಿವಿಯ ಕೆಳಗೆ ಆಂಜನೇಯುಲುವಿನ ಎದೆ ಬಡಿದುಕೊಳ್ಳುತ್ತಿದ್ದದ್ದು. ಆ ಎದೆ ಗೀಟು ಮುಟ್ಟುವ ಮೊದಲು ಇನ್ನೊಂದು ಉಸಿರು ಎಳೆದುಕೊಂಡಿತೇ, ನನಗೆ ಗೊತ್ತಿಲ್ಲ.