ನಾಲ್ಕನೇ ಮಹಡಿಗೆ ಹಸಿರು ಠಸ್ಸೆ

ಶಾಸಕರ ಕಚೇರಿಗೆ ಅರ್ಜಿ ಹಿಡಿದು ಬಂದವರು ಮೊದಲು ಹುಡುಕುವುದು ಶಾಸಕರನ್ನಲ್ಲ, ಠಸ್ಸೆ ಮಾಮನನ್ನು. ಬಾಗಿಲು ದಾಟಿ ಎಡಕ್ಕೆ ತಿರುಗಿದರೆ ಒಂದು ಕಾಲು ಕುಂಟುವ ಬೆಂಚು, ಅದರಾಚೆ ಗಾಜು ಹೊದಿಸಿದ ಮೇಜು, ಮೇಜಿನ ಹಿಂದೆ ಆತ. ಐವತ್ತೇಳರ ವಯಸ್ಸು. ಮೂಗಿನ ತುದಿಗೆ ಜಾರಿದ ಕನ್ನಡಕ. ಬಲಗೈ ಹೆಬ್ಬೆರಳಲ್ಲಿ ಎಷ್ಟು ಉಜ್ಜಿದರೂ ಹೋಗದ ಹಸಿರು ಕಲೆ. ಯಾರಿಗೂ ಆತ ನಿಂತುಕೊಂಡು ಅರ್ಜಿ ಕೊಡಲು ಬಿಡುವವನಲ್ಲ. "ಕೂತ್ಕೊಳಿ, ನೀರು ಕುಡೀರಿ, ಆಮೇಲೆ ಹೇಳಿ" ಎನ್ನುತ್ತಾನೆ. ಬರೆಯಲು ಬಾರದವರಿಗೆ ತಾನೇ ಬರೆದು ಕೊಡುತ್ತಾನೆ. ಜಗಳ ಮಾಡಲು ಬಂದವರು ಕೂಡ ಅರ್ಧ ಲೋಟ ನೀರು ಕುಡಿಯುವಷ್ಟರಲ್ಲಿ ದನಿ ತಗ್ಗಿಸುತ್ತಾರೆ.

ಮೇಜಿನ ಮೇಲೆ ಎರಡು ಠಸ್ಸೆ. ನೀಲಿ ಶಾಯಿಯದು 'ಸ್ವೀಕರಿಸಲಾಗಿದೆ'. ಹಸಿರು ಶಾಯಿಯದು 'ವಿಲೇವಾರಿಯಾಗಿದೆ'. ನೀಲಿ ಠಸ್ಸೆ ಎಲ್ಲ ಕಚೇರಿಗಳಲ್ಲೂ ಇರುತ್ತದೆ. ಹಸಿರು ಠಸ್ಸೆಗೆ ಮಾತ್ರ ಒಂದು ಕಥೆಯಿದೆ.

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ಬೇರೆ ಶಾಸಕರು, ಬೇರೆ ಆಪ್ತ ಕಾರ್ಯದರ್ಶಿ. ತಿಂಗಳಿಗೊಮ್ಮೆ ಮನೆಮನೆಗೆ ಹಂಚುವ ನಾಲ್ಕು ಪುಟದ 'ಶಾಸಕರ ವಾರ್ತೆ' ಆಗಷ್ಟೇ ಶುರುವಾಗಿತ್ತು. ಅದರಲ್ಲಿ ಎಷ್ಟು ಅರ್ಜಿ ಬಂತು, ಎಷ್ಟು ಮುಗಿಯಿತು ಎಂದು ಹಾಕಬೇಕು. ಬಂದದ್ದು ಮುನ್ನೂರು, ಮುಗಿದದ್ದು ಒಂಬತ್ತು. ಕಾರ್ಯದರ್ಶಿ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಪಾಪ ಎನಿಸಿ ಠಸ್ಸೆ ಮಾಮ ಹೇಳಿದ: "ಸಾರ್, ಚರಂಡಿ ತೋಡೋರು ನಾವಲ್ಲ, ದೀಪ ಹಚ್ಚೋರು ನಾವಲ್ಲ. ನಾವು ಇಲಾಖೆಗೆ ಪತ್ರ ಬರೀತೀವಿ. ಪತ್ರ ಹೋಯ್ತು ಅಂದ್ರೆ ನಮ್ಮ ಕೆಲಸ ಮುಗೀತಲ್ವಾ?"

ಕಾರ್ಯದರ್ಶಿ ಎದ್ದು ಬಂದು ಅಪ್ಪಿಕೊಂಡ. ಮರುದಿನವೇ ಹಸಿರು ಠಸ್ಸೆ ಬಂತು. ಆ ತಿಂಗಳ ವಾರ್ತೆಯಲ್ಲಿ ಬಂದ ಅರ್ಜಿ ಮುನ್ನೂರು, ವಿಲೇವಾರಿ ಮುನ್ನೂರು. ಒಂದೇ ಅರ್ಜಿಯನ್ನು ಜನ ಮತ್ತೆ ಮತ್ತೆ ತರತೊಡಗಿದಾಗ ಇನ್ನೊಂದು ನಿಯಮವನ್ನೂ ಠಸ್ಸೆ ಮಾಮನೇ ಸೇರಿಸಿದ: ವಿಲೇವಾರಿಯಾದ ಅರ್ಜಿಯನ್ನು ಒಂದು ವರ್ಷ ಮತ್ತೆ ತೆಗೆದುಕೊಳ್ಳುವಂತಿಲ್ಲ. ಶಾಸಕರು ಬದಲಾದರು, ಕಾರ್ಯದರ್ಶಿ ಬದಲಾದ, ಗೋಡೆಯ ಬಣ್ಣ ಎರಡು ಸಲ ಬದಲಾಯಿತು. ಠಸ್ಸೆ ಬದಲಾಗಲಿಲ್ಲ.

ಠಸ್ಸೆ ಮಾಮ ಇರುವುದು ಸರ್ಕಾರಿ ವಸತಿ ಕಟ್ಟಡದ ನಾಲ್ಕನೇ ಮಹಡಿಯಲ್ಲಿ, ಅಕ್ಕನ ಜೊತೆ. ಅವನ ಹೆಂಡತಿ ತೀರಿಕೊಂಡ ಮೇಲೆ ಅಕ್ಕನೇ ಬಂದು, "ನಿನಗೆ ಅನ್ನ ಬೇಯ್ಸೋಕೂ ಬರಲ್ಲ, ಅಳೋಕೂ ಬರಲ್ಲ" ಎಂದು ಇದ್ದುಬಿಟ್ಟಿದ್ದಳು. ಅವಳಿಗೆ ಅರವತ್ತಾರು. ತಮ್ಮನಿಗೆ ಐವತ್ತೇಳಾದರೂ ಅವಳ ಬಾಯಲ್ಲಿ ಇನ್ನೂ ಪುಟ್ಟ. ಅದೇ ಕಟ್ಟಡದ ನೆಲಮಹಡಿಯಲ್ಲಿ, ಗೇಟಿನ ಪಕ್ಕ, ಅವಳದೊಂದು ಹೊಲಿಗೆ ಅಂಗಡಿ. ಒಳಗೆ ಕಾಲಿನಲ್ಲಿ ತುಳಿಯುವ ದೊಡ್ಡ ಮಿಷನ್ನು, ಒಂದು ನಿಲುವುಗನ್ನಡಿ, ಬಂದವರು ಕೂತು ಊರ ಸುದ್ದಿಯನ್ನೆಲ್ಲ ಬಿಚ್ಚಿಡಲು ಎರಡು ಸ್ಟೂಲು.

ಬಚ್ಚಲಿನಲ್ಲಿ ಜಾರಿ ಬಿದ್ದು ಅಕ್ಕನ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಮೊಳೆ ಹಾಕಿ ಕೂಡಿಸಿದರು. ಸಮನೆಲದಲ್ಲಿ ಊರುಗೋಲು ಹಿಡಿದು ಎಷ್ಟು ಬೇಕಾದರೂ ನಡೆಯಬಹುದು, ಮೆಟ್ಟಿಲು ಮಾತ್ರ ಕೂಡದು ಎಂದು ಡಾಕ್ಟರು ಕಣ್ಣು ಕೆಕ್ಕರಿಸಿ ಹೇಳಿದರು. ಲಿಫ್ಟು ಇದೆಯಲ್ಲ ಎಂದು ಅಕ್ಕ ನಕ್ಕಳು. ಆ ಲಿಫ್ಟಿನಲ್ಲೇ ಮನೆಗೂ ಬಂದಳು. ಬಂದ ಆರನೇ ದಿನ ಅದು ಎರಡು ಸಲ ಕೆಮ್ಮಿ ನಿಂತಿತು. ಹಾಗೆ ನಿಂತದ್ದು ಎಂಟು ತಿಂಗಳಾದರೂ ಅಲುಗಲಿಲ್ಲ.

ಅಕ್ಕ ಸುಮ್ಮನೆ ಕೂರುವ ಪೈಕಿಯಲ್ಲ. ಬಾಲ್ಕನಿಯ ಕಂಬಿಗೆ ಹಗ್ಗ ಕಟ್ಟಿ ಒಂದು ಬುಟ್ಟಿ ಇಳಿಬಿಟ್ಟಳು. ಬಟ್ಟೆ ಬುಟ್ಟಿಯಲ್ಲಿ ಮೇಲೆ ಬರುತ್ತಿತ್ತು, ಕೈಯಲ್ಲೇ ಹೊಲಿದದ್ದು ಕೆಳಗೆ ಹೋಗುತ್ತಿತ್ತು. ಆದರೆ ಬುಟ್ಟಿಯಲ್ಲಿ ಅಳತೆ ಬರುವುದಿಲ್ಲವಲ್ಲ. "ಸ್ವಲ್ಪ ಆ ಕಡೆ ತಿರುಗಿ! ಕೈ ಎತ್ತಿ!" ಎಂದು ಮೇಲಿನಿಂದ ಕೂಗಿ ಕಣ್ಣಳತೆ ತೆಗೆಯುತ್ತಿದ್ದಳು. ಮೇಲಿನಿಂದ ನೋಡಿದರೆ ಎಲ್ಲರೂ ಕುಳ್ಳರೇ. ಒಬ್ಬ ಪೋಸ್ಟ್‌ಮ್ಯಾನ್‌ಗೆ ಪ್ಯಾಂಟು ಮೊಣಕಾಲಿನ ಸ್ವಲ್ಪ ಕೆಳಗೇ ನಿಂತುಹೋಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಮುಂದಿನ ಬೀದಿಯ ದರ್ಜಿಯ ಕಡೆ ಜಾರಿದರು.

"ಮಿಷನ್ನ ಮೇಲಕ್ಕೆ ಹೊರಿಸ್ತೀನಿ ಬಿಡಕ್ಕ" ಎಂದ ತಮ್ಮ ಒಂದು ದಿನ.

"ಬೇಡ. ಮಿಷನ್ ಮೇಲೆ ಬಂತು ಅಂದ್ರೆ ನಾನು ಕೆಳಗೆ ಹೋಗೋ ಮಾತು ಮುಗೀತು. ಅದು ಅಲ್ಲೇ ಇರ್ಲಿ. ನಾನು ಅದರ ಹತ್ರ ಹೋಗ್ಬೇಕು, ಅದು ನನ್ನ ಹತ್ರ ಬರೋದಲ್ಲ." ಅಕ್ಕ ಸೂಜಿಗೆ ದಾರ ಪೋಣಿಸಿ ಹಲ್ಲಿನಲ್ಲಿ ಕಚ್ಚಿದಳು. "ಅಲ್ಲ ಪುಟ್ಟ, ಊರಿನೋರ ಅರ್ಜಿಯೆಲ್ಲ ನಿನ್ನ ಕೈಲೇ ಹೋಗೋದು. ನಂದೊಂದು ಹೋಗಲ್ವಾ?"

ಅಲ್ಲಿಯವರೆಗೆ ಅವನಿಗೆ ಅದು ಹೊಳೆದೇ ಇರಲಿಲ್ಲ. ಕಚೇರಿ ಬೇರೆ, ಮನೆ ಬೇರೆ ಎಂದುಕೊಂಡವನು ಆತ. ಆ ಸಂಜೆ ಅಕ್ಕ ಹೇಳಿದಂತೆ ಬರೆದ: 'ನಾನು ನಾಲ್ಕನೇ ಮಹಡಿಯಲ್ಲಿದ್ದೇನೆ. ನನ್ನ ಅಂಗಡಿ ನೆಲದಲ್ಲಿದೆ. ನಡುವೆ ಇರುವ ಲಿಫ್ಟು ರಿಪೇರಿಯಾಗಬೇಕು.' ಮರುದಿನ ಕಚೇರಿಯಲ್ಲಿ ನೀಲಿ ಠಸ್ಸೆ ಒತ್ತಿ, ೨೮೭ ಎಂದು ಸಂಖ್ಯೆ ಕೊಟ್ಟು, ವಸತಿ ಇಲಾಖೆಗೆ ಪತ್ರ ಬರೆದ. ಲಕೋಟೆ ಅಂಟಿಸಿದ. ಎದುರಿಗೆ ಇನ್ನೂ ಹದಿನಾಲ್ಕು ಮಂದಿ ಬೆಂಚಿನ ಮೇಲಿದ್ದರು. ಕೈ ತಾನಾಗಿ ಹಸಿರು ಶಾಯಿಯ ಡಬ್ಬಿಯ ಕಡೆ ಹೋಯಿತು, ಬಂತು, ಒತ್ತಿತು. ಆತ ಮುಂದಿನವರಿಗೆ ನೀರಿನ ಲೋಟ ಸರಿಸುತ್ತಿದ್ದ.

ಅಕ್ಕನಿಗೆ ಶಾಸಕರ ವಾರ್ತೆ ಬಲು ಪ್ರಿಯ. ಓದಲಿಕ್ಕಲ್ಲ, ಕತ್ತರಿಸಲಿಕ್ಕೆ. ದಪ್ಪ ಕಾಗದ, ದೊಡ್ಡ ಹಾಳೆ. ಅಂಗಿಯ ತೋಳು, ಕೊರಳುಪಟ್ಟಿಗಳ ಮಾದರಿ ಕತ್ತರಿಸಲು ಹೇಳಿ ಮಾಡಿಸಿದಂತಿತ್ತು. ಆ ತಿಂಗಳ ಹಾಳೆಯ ಮೇಲೆ ಸೀಮೆಸುಣ್ಣದಲ್ಲಿ ತೋಳಿನ ಗೆರೆ ಎಳೆದು ಕತ್ತರಿ ಆಡಿಸುತ್ತಿದ್ದವಳ ಕೈ ತಟ್ಟನೆ ನಿಂತಿತು.

"ಪುಟ್ಟ, ಬಾ ಇಲ್ಲಿ."

"ಏನಕ್ಕ?"

"ನನ್ನ ಲಿಫ್ಟ್ ರಿಪೇರಿ ಆಯ್ತಂತೆ, ಗೊತ್ತಾ? ಹೋಗು, ಗುಂಡಿ ಒತ್ತು. ನಾನು ಸೀರೆ ಬದಲಾಯಿಸ್ಕೊಂಡು ಬರ್ತೀನಿ."

ಆತ ಬಗ್ಗಿ ನೋಡಿದ. ಮೂರನೇ ಪುಟ, ಎರಡನೇ ಸಾಲು: 'ಅರ್ಜಿ ೨೮೭, ವಸತಿ ಕಟ್ಟಡದ ಲಿಫ್ಟು ದುರಸ್ತಿ: ವಿಲೇವಾರಿಯಾಗಿದೆ.' ಕಿವಿಯ ತುದಿ ಸುಟ್ಟಂತಾಯಿತು. "ಪತ್ರ ಹೋಗಿದೆ ಅಂತ ಅದರರ್ಥ ಅಕ್ಕ…"

"ಪತ್ರ ಹೋಯ್ತಾ? ಒಳ್ಳೇದಾಯ್ತು. ಅದಾದ್ರೂ ಕೆಳಗಿಳೀತಲ್ಲ."

ಆ ರಾತ್ರಿ ಅವಳು ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಆತ ರಜೆ ಹಾಕಿ ವಸತಿ ಇಲಾಖೆಗೆ ಹೋದ. ಜೀವಮಾನದಲ್ಲಿ ಮೊದಲ ಸಲ ಬೇರೆಯವರ ಬೆಂಚಿನ ಮೇಲೆ ಕೂತ. ಯಾರೂ ನೀರು ಕೊಡಲಿಲ್ಲ. ಎರಡೂವರೆ ಗಂಟೆಯ ಮೇಲೆ ಎಂಜಿನಿಯರ್ ಒಳಗೆ ಕರೆದು, ಕಡತ ತೆರೆದು ತೋರಿಸಿದ. "ನಿಮ್ಮ ಕಚೇರಿಯಿಂದ್ಲೇ ವಿಲೇವಾರಿ ಪಟ್ಟಿ ಬಂದಿದೆ ನೋಡಿ. ಮುಗಿದಿರೋ ಕೆಲಸಕ್ಕೆ ನಾನು ಜನ ಕಳಿಸಿದ್ರೆ ನನ್ನ ಮೇಲೆ ವಿಚಾರಣೆ ಬರುತ್ತೆ."

"ಆದ್ರೆ ಅದು ಮುಗಿದಿಲ್ಲ, ಸಾರ್. ನಾನು ದಿನಾ ಹತ್ತಿ ಇಳೀತೀನಿ."

"ಹಾಗಾದ್ರೆ ಹೊಸ ಅರ್ಜಿ ಕೊಡಿ."

"ಒಂದು ವರ್ಷ ಕೊಡೋ ಹಾಗಿಲ್ಲ."

"ಯಾರ್ರೀ ಅಂಥ ನಿಯಮ ಮಾಡಿದ್ದು?"

ಠಸ್ಸೆ ಮಾಮ ಎದ್ದು ಬಂದ.

ಕಚೇರಿಗೆ ಬಂದು ಆಪ್ತ ಕಾರ್ಯದರ್ಶಿಯ ಮುಂದೆ ನಿಂತ. ಈತ ಚಿಕ್ಕ ವಯಸ್ಸಿನವನು, ಒಳ್ಳೆಯವನೇ. ಆದರೆ ಎರಡು ಫೋನುಗಳ ನಡುವೆ ಸಿಕ್ಕಿಬಿದ್ದವನು. "ಮಾಮ, ಒಂದು ಬಿಚ್ಚಿದ್ರೆ ಎಲ್ಲಾ ಬಿಚ್ಬೇಕಾಗುತ್ತೆ. ವಾರ್ತೆ ಅಚ್ಚಾಗಿ ಮನೆಮನೆಗೆ ಹೋಗಿದೆ. ನಾನು ಹೊಸದಾಗಿ ಬಂದಾಗ ಈ ಪಾಠ ಹೇಳಿಕೊಟ್ಟೋರು ಯಾರು? ನೀವೇ ಅಲ್ವಾ? ಅಕ್ಕನಿಗೆ ಸ್ವಲ್ಪ ಸಮಾಧಾನ ಹೇಳಿ."

ಹೇಳುವುದಾದರೂ ಏನನ್ನು? ಆ ಇಡೀ ವಾರ ಆತ ಎಪ್ಪತ್ತೆರಡು ಮೆಟ್ಟಿಲುಗಳನ್ನು ಹತ್ತುವಾಗ ಒಂದೊಂದಕ್ಕೂ ತನಗೆ ತಾನೇ ಬೈದುಕೊಂಡ. ಹತ್ತಿದ ಮೇಲೂ ಬೈಗುಳ ಉಳಿದಿರುತ್ತಿತ್ತು.

ಹೀಗಿರುವಾಗ ಶಾಸಕರ ಜನಸಂಪರ್ಕ ಸಭೆಯ ಸರದಿ ಅದೇ ಕಟ್ಟಡದ ಅಂಗಳಕ್ಕೆ ಬಂತು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ಕಿರ್ರೆನ್ನುವ ಮೈಕು. ಶಾಸಕಿ ಬಂದರು. ಮುಖ ಸಿಂಡರಿಸದೆ ಎಲ್ಲರ ಮಾತಿಗೂ ತಲೆದೂಗುವ ಹೆಂಗಸು. ಠಸ್ಸೆ ಮಾಮ ಪಕ್ಕದ ಮೇಜಿನಲ್ಲಿ ರಿಜಿಸ್ಟರು ತೆರೆದು ಕೂತ, ಮೇಲಕ್ಕೆ ನೋಡದೆ. ಕಾರ್ಯದರ್ಶಿ ಹೊಸ ಯೋಜನೆಗಳನ್ನು ಓದತೊಡಗಿದ. ಗ್ರಂಥಾಲಯ ಇನ್ನು ಮೇಲೆ ಸಂಜೆ ಎಂಟರವರೆಗೆ. ವಸತಿ ಕಟ್ಟಡಗಳಿಗೆ ಹೊಸ ಬಣ್ಣ. "ಅರವತ್ತು ದಾಟಿದ ಎಲ್ಲ ಹಿರಿಯರಿಗೂ ಈ ತಿಂಗಳಿಂದ ಬಸ್ ಪ್ರಯಾಣ ಉಚಿತ!"

ಚಪ್ಪಾಳೆ ಬಿತ್ತು. ಚಪ್ಪಾಳೆಯ ಮೇಲೆ ಆಕಾಶದಿಂದೆಂಬಂತೆ ಒಂದು ದನಿ ಬಿತ್ತು.

"ಮೇಡಂ! ಆ ಬಸ್ಸನ್ನ ನಾಲ್ಕನೇ ಮಹಡಿಗೆ ಕಳ್ಸಿ! ಹತ್ಕೊಂಡು ಬರ್ತೀನಿ!"

ಎಲ್ಲರ ಕತ್ತೂ ಮೇಲಾಯಿತು. ಬಾಲ್ಕನಿಯಲ್ಲಿ ಅಕ್ಕ. ಅವಳ ಕೈಯಿಂದ ಹಗ್ಗ ಜಾರುತ್ತ, ಬುಟ್ಟಿ ಮಹಡಿ ಮಹಡಿ ದಾಟಿ ಇಳಿಯುತ್ತ, ಶಾಮಿಯಾನದ ಅಂಚು ಸವರಿ, ನೇರ ಶಾಸಕಿಯ ಮುಂದೆ ಬಂದು ತೂಗಾಡುತ್ತ ನಿಂತಿತು. ಒಳಗೆ ಕಾಗದದ ಒಂದು ತುಂಡು.

"ಏನಿದು ಅಜ್ಜಿ?" ಎಂದು ಶಾಸಕಿ ಮೈಕಿನಲ್ಲೇ ಕೇಳಿದರು.

"ಅಂಗಿ ತೋಳು ಮೇಡಂ! ತೋಳು ಬಿಡಿ, ಅದರ ಮೇಲಿರೋ ಸುದ್ದಿ ಓದಿ!"

ಶಾಸಕಿ ಓದಿದರು. ಅರ್ಜಿ ೨೮೭. ಲಿಫ್ಟಿನ ಬಾಗಿಲಿಗೆ ಜೋತುಬಿದ್ದಿದ್ದ 'ಕೆಟ್ಟಿದೆ' ಎಂಬ ರಟ್ಟನ್ನು ನೋಡಿದರು. ಕಾರ್ಯದರ್ಶಿಯ ಕಡೆ ತಿರುಗಿದರು. ಆತ ಫೋನಿನಲ್ಲಿ ಏನನ್ನೋ ಹುಡುಕತೊಡಗಿದ. "ಇದು ಮುಗಿದಿದೆ ಅಂತ ಒತ್ತಿದ್ದು ಯಾರು?"

ಠಸ್ಸೆ ಮಾಮ ಎದ್ದು ನಿಂತ. "ನಾನೇ ಮೇಡಂ."

"ಸ್ಥಳಕ್ಕೆ ಬಂದು ನೋಡ್ಲೇ ಇಲ್ವಾ?"

"ದಿನಾ ನೋಡ್ತೀನಿ ಮೇಡಂ. ನಾನಿರೋದೂ ಅದೇ ಮನೇಲಿ. ಅವಳು ನಮ್ಮಕ್ಕ."

ಅಂಗಳವೆಲ್ಲ ನಕ್ಕಿತು. ಶಾಸಕಿ ನಗಲಿಲ್ಲ. "ಇಂಥವು ಇನ್ನೆಷ್ಟಿವೆ?"

"ಹನ್ನೊಂದು ವರ್ಷದ್ದಿವೆ ಮೇಡಂ" ಎಂದ ಆತ.

ನಗು ಅಲ್ಲಲ್ಲೇ ಒಣಗಿತು. ಬೆಂಚಿನ ಮೇಲೆ ತನ್ನ ಕೈಯಿಂದ ನೀರು ಕುಡಿದು ಹೋದ ಎಷ್ಟೋ ಮುಖಗಳು ಅಲ್ಲಿದ್ದವು. ಈಗ ಆ ಮುಖಗಳು ಅವನನ್ನು ಬೇರೆ ಥರ ನೋಡುತ್ತಿದ್ದವು. ಚರಂಡಿಯವರು, ಬೀದಿದೀಪದವರು, ಎರಡು ವರ್ಷದಿಂದ ಪಿಂಚಣಿಗೆ ಅಲೆಯುತ್ತಿದ್ದ ಮುದುಕ. ಶಾಸಕಿ ಎದ್ದು ನಿಂತು, ಮೈಕನ್ನು ಗಟ್ಟಿಯಾಗಿ ಹಿಡಿದು, ನಿಜವಾದ ಸಿಟ್ಟಿನಿಂದಲೇ ಹೇಳಿದರು: "ಇದನ್ನ ನಾನು ಸಹಿಸಲ್ಲ. ಇವತ್ತೇ, ಈಗ್ಲೇ, ಇಲಾಖೆಗೆ ಒಂದು ಖಡಕ್ ಪತ್ರ ಬರೀರಿ!"

ಜನ ಚಪ್ಪಾಳೆ ತಟ್ಟಿದರು. ಮೇಲೆ ಬಾಲ್ಕನಿಯಲ್ಲಿ ಅಕ್ಕ ಖಾಲಿ ಬುಟ್ಟಿಯನ್ನು ಎಳೆದುಕೊಂಡಳು.

ಖಡಕ್ ಪತ್ರವನ್ನು ಠಸ್ಸೆ ಮಾಮನೇ ಬರೆದ. ರಿಜಿಸ್ಟರಿನಲ್ಲಿ ೨೮೭ರ ಮುಂದಿದ್ದ ಹಸಿರು ಗುರುತಿಗೆ ಕೆಂಪು ಗೀಟು ಹೊಡೆದ. ಹಸಿರು ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಮುಂದಿನ ವಾರ್ತೆಯಲ್ಲಿ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಲೆಕ್ಕ ಕೂಡಲಿಲ್ಲ: ೨೮೭ನ್ನೂ ಸೇರಿಸಿ ಬಂದ ಅರ್ಜಿ ಮುನ್ನೂರ ತೊಂಬತ್ತೊಂದು, ವಿಲೇವಾರಿ ಮುನ್ನೂರ ತೊಂಬತ್ತು. ಆ ಒಂದು, ಕಾರ್ಯದರ್ಶಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತಾಯಿತು. ಎಂದೂ ಇಲಾಖೆಗೆ ಫೋನು ಮಾಡದವನು ದಿನಕ್ಕೆರಡು ಸಲ ಮಾಡತೊಡಗಿದ. ಅಕ್ಕನಿಗಾಗಿ ಅಲ್ಲ, ಆ ಒಂದಕ್ಕಾಗಿ. ಉಳಿದ ಮುನ್ನೂರ ತೊಂಬತ್ತನ್ನು ಯಾರೂ ಕೇಳಲಿಲ್ಲ. ಅವುಗಳ ಪಟ್ಟಿಯನ್ನು ಈಗ ಟೈಪಿಸ್ಟೇ ನೇರವಾಗಿ ಕಂಪ್ಯೂಟರಿನಲ್ಲಿ ತುಂಬುತ್ತಾಳೆ, ಠಸ್ಸೆಯ ದಾರಿ ಕಾಯುವುದಿಲ್ಲ.

ಲಿಫ್ಟು ನಿಂತ ಹತ್ತನೇ ತಿಂಗಳಲ್ಲಿ ಮೆಕ್ಯಾನಿಕ್‌ಗಳು ಬಂದರು. ಎರಡು ದಿನ ಬಡಿದರು, ಕಟ್ಟಿದರು, ಬಿಚ್ಚಿದರು. ಮೂರನೇ ದಿನ ಲಿಫ್ಟು ಮೇಲೆದ್ದಿತು. ಅಕ್ಕ ಅಂಗಡಿಯ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು, ಊರುಗೋಲು ಹಿಡಿದು, ಬಾಗಿಲ ಮುಂದೆ ಹೋಗಿ ನಿಂತಳು. ಒಂದು, ಎರಡು, ಮೂರು ಎಂದು ದೀಪಗಳು ಹತ್ತಿದವು. ಮೂರಕ್ಕೇ ನಿಂತವು. ನಾಲ್ಕನೇ ಮಹಡಿಯ ಬಾಗಿಲಿಗೆ ಬೇಕಾದ ಒಂದು ಭಾಗ ಸಿಕ್ಕಿಲ್ಲ, ತರಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದರು ಮೆಕ್ಯಾನಿಕ್‌ಗಳು. ಸಾಮಾನು ಕಟ್ಟಿಕೊಂಡು ಅದೇ ಲಿಫ್ಟಿನಲ್ಲಿ ಇಳಿದು ಹೋದರು.

ಸಂಜೆಯೇ ಕಾರ್ಯದರ್ಶಿ ಫೋಟೋಗ್ರಾಫರನ್ನೂ, ರಿಜಿಸ್ಟರಿನ ಸಮೇತ ಠಸ್ಸೆ ಮಾಮನನ್ನೂ ಕರೆದುಕೊಂಡು ಬಂದ. ಮೂರನೇ ಮಹಡಿಯಲ್ಲಿ ನಿಂತು ಮೇಲಕ್ಕೆ ನೋಡಿದ. "ಅಮ್ಮ, ನಾಳೆ ವಾರ್ತೆ ಅಚ್ಚಿಗೆ ಹೋಗುತ್ತೆ. ಲಿಫ್ಟಿಗೆ ಕಾಲಿಡೋ ಒಂದು ಫೋಟೋ ಸಾಕು. ಹದಿನೆಂಟೇ ಮೆಟ್ಟಿಲು."

"ಹದಿನೆಂಟೇ ತಾನೆ? ಬಾಪ್ಪ, ಹೊತ್ಕೊಂಡು ಇಳ್ಸು" ಎಂದಳು ಅಕ್ಕ ಮೇಲಿನ ಮೆಟ್ಟಿಲಿನಿಂದ. "ದಿನಾ ಬೆಳಿಗ್ಗೆ ಇಳ್ಸಬೇಕು, ದಿನಾ ಸಂಜೆ ಹತ್ತಿಸಬೇಕು. ಒಪ್ಪಿಗೆ ಇದ್ರೆ ಈಗ್ಲೇ ಫೋಟೋಕ್ಕೆ ನಗ್ತೀನಿ."

ಕಾರ್ಯದರ್ಶಿ ಠಸ್ಸೆ ಮಾಮನ ಕಡೆ ತಿರುಗಿದ. "ಮಾಮ, ಕೆಲಸ ಆಗಿದೆ ಅಲ್ವಾ? ರಿಜಿಸ್ಟರಲ್ಲಿ ಒತ್ತಿಬಿಡಿ. ನನ್ನ ಕಷ್ಟಾನೂ ಸ್ವಲ್ಪ ನೋಡಿ."

ಠಸ್ಸೆ ಮಾಮ ನಿಂತಿದ್ದ ಮೆಟ್ಟಿಲು ಸರಿಯಾಗಿ ನಡುವಿನದು. ಮೇಲೆ ಒಂಬತ್ತು, ಕೆಳಗೆ ಒಂಬತ್ತು. ಆತ ಅಲ್ಲೇ ಕೂತು, ಕಂಕುಳಿನ ರಿಜಿಸ್ಟರನ್ನು ಮೊಣಕಾಲ ಮೇಲೆ ಬಿಚ್ಚಿ, ಪೆನ್ನು ತೆಗೆದ. ಹನ್ನೊಂದು ವರ್ಷದಿಂದ ಅದರ 'ಸದ್ಯದ ಸ್ಥಿತಿ' ಅಂಕಣದಲ್ಲಿ ಯಾರೂ ಒಂದಕ್ಷರ ಬರೆದಿರಲಿಲ್ಲ. ಆತ ಬರೆದ: 'ಲಿಫ್ಟು ಮೂರನೇ ಮಹಡಿಯವರೆಗೆ ಬರುತ್ತದೆ. ಅರ್ಜಿದಾರರು ನಾಲ್ಕನೇ ಮಹಡಿಯಲ್ಲಿದ್ದಾರೆ.' ಬರೆದದ್ದನ್ನು ಗಟ್ಟಿಯಾಗಿ ಓದಿದ. ಕಾರ್ಯದರ್ಶಿ ಲಿಫ್ಟು ಹತ್ತಿ ಹೋದ. ಅದು ಅವನನ್ನು ಸುಖವಾಗಿ ಕೆಳಗಿಳಿಸಿತು.

ಅಕ್ಕ ಸೆರಗಿನ ಗಂಟು ಬಿಚ್ಚಿ, ಬೀಗದ ಕೈಯನ್ನು ಮತ್ತೆ ಗೋಡೆಯ ಮೊಳೆಗೆ ನೇತುಹಾಕಿದಳು. "ಪುಟ್ಟ, ನಾಳೆ ಬರುವಾಗ ಹಗ್ಗ ತಗೊಂಡು ಬಾ. ಇದು ಸವೆದು ಎಳೆ ಬಿಟ್ಟಿದೆ."

"ಎಷ್ಟುದ್ದ ಅಕ್ಕ?"

"ಇನ್ನೆಷ್ಟು? ನಾಲ್ಕು ಮಹಡಿದು."