ಎಂಜಿನ್ನಿನ ಉಪ್ಪು ತೊಳೆದ ದಿನ

ಜಪಾನಿನ ಗ್ಯೋಟೋಕುವಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಒಬ್ಬ ಹಿರಿಯ ಹೆಂಗಸನ್ನು ನಾನು ‘ಒಬಾಸಾನ್’, ಅಂದರೆ ಅತ್ತೆ, ಎಂದು ಕರೆಯುತ್ತಿದ್ದೆ. ಅವರ ಗಂಡ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಹಳೆಯ ಡೀಸೆಲ್ ದೋಣಿಯೊಂದು, ಸಮುದ್ರ ಸೇರುವ ಕಡೆ, ನದಿಯ ದಂಡೆಯಲ್ಲಿತ್ತು. ಶರತ್ಕಾಲದಲ್ಲಿ ಒಬಾಸಾನ್ ಅದನ್ನು ತಾವೇ ಓಡಿಸಿಕೊಂಡು ಮೀನು ಹಿಡಿಯಲು ಹೊರಟರೆ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ನಾನು ಸಸ್ಯಾಹಾರಿ, ಗಾಳ ಮುಟ್ಟುತ್ತಿರಲಿಲ್ಲ. ನೀರಿನ ಮೇಲಿದ್ದಷ್ಟು ಹೊತ್ತು ಯಾರೂ ನನ್ನಿಂದ ಊಟ ತಿಂಡಿ ಕೇಳುತ್ತಿರಲಿಲ್ಲ, ಅದಕ್ಕೇ ಹೋಗುತ್ತಿದ್ದೆ.

ಆ ಎಂಜಿನ್ ತಣ್ಣಗಾಗುವುದು ಕೆಳಗಿನ ಉಪ್ಪುನೀರನ್ನೇ ಹೀರಿಕೊಂಡು. ಚಳಿಗಾಲಕ್ಕೆ ಮುಂಚೆ ಒಳಗನ್ನು ಸಿಹಿನೀರಿನಲ್ಲಿ ತೊಳೆದು ಬರಿದು ಮಾಡದಿದ್ದರೆ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ನೀರು ಹೆಪ್ಪುಗಟ್ಟಿದರೆ ಎಂಜಿನ್ನೇ ಸೀಳಿಹೋಗುತ್ತದೆ. ಪ್ರತಿವರ್ಷ ದೋಣಿ ಕಟ್ಟಿಹಾಕುವ ಅಂಗಳದ ಯಜಮಾನರೇ ಈ ಕೆಲಸ ಮಾಡುತ್ತಿದ್ದರು. ಆ ಡಿಸೆಂಬರಿನಲ್ಲಿ ಒಲ್ಲೆ ಎಂದರು.

“ಸುಮಿಮಾಸೆನ್, ಕ್ಷಮಿಸಿ. ನಿಮ್ಮ ಮಗ ಬೇಡ ಅಂದಿದ್ದಾರೆ. ಏಪ್ರಿಲ್‌ನಲ್ಲಿ ಗುಜರಿಗೆ ಹಾಕ್ತಾರಂತೆ.”

ಒಬಾಸಾನ್ ತಲೆಬಾಗಿ ಹೊರಬಂದರು. ದಾರಿಯಲ್ಲಿ ನಿಂತು, “ಎಂಜಿನ್ ಕೆಟ್ಟರೆ ಅವನ ಮಾತೇ ಗೆಲ್ಲುತ್ತೆ. ನನ್ನ ಕೈಯಲ್ಲಿ ಸ್ಪ್ಯಾನರ್ ನಿಲ್ಲಲ್ಲ,” ಎಂದರು.

“ನಾನು ತಿರುಗಿಸ್ತೀನಿ. ನೀವು ಹೇಳ್ತಾ ಹೋಗಿ,” ಎಂದೆ, ನನ್ನ ಮುರುಕು ಜಪಾನೀಸಿನಲ್ಲಿ.

ಮನೆಯಲ್ಲಿ ನನ್ನ ಗಂಡ ಲ್ಯಾಪ್‌ಟಾಪಿನಿಂದ ತಲೆಯೆತ್ತಿದರು. “ನಿಂಗ್ಯಾಕೆ ಆ ಉಸಾಬರಿ? ಅದು ಅವರ ಫ್ಯಾಮಿಲಿ ಮ್ಯಾಟರ್ ಕಣೇ.”

“ಫ್ಯಾಮಿಲಿ ಅವರದ್ದು ರೀ. ಎಂಜಿನ್ ಮ್ಯಾಟರ್ ನಾನು ನೋಡ್ಕೋತೀನಿ.”

ಶನಿವಾರ ಬೆಳಿಗ್ಗೆ ಹೋದೆವು. ನದಿಯ ನೀರು ಒಳಬರುವ ವಾಲ್ವ್ ಮುಚ್ಚಿ, ಅದರ ಕೊಳವೆ ಬಿಚ್ಚಿ ಸಿಹಿನೀರಿನ ಬಕೆಟ್ಟಿಗೆ ಇಳಿಸಿದೆ. ಒಬಾಸಾನ್ ಎಂಜಿನ್ ಚಾಲೂ ಮಾಡಿದರು. ಬಕೆಟ್ ಬರಿದಾಗದಂತೆ ನಲ್ಲಿಯ ಪೈಪ್ ಹಿಡಿದು ಕೂತೆ. ಯಜಮಾನರು ದಂಡೆಯ ಮೇಲೆ ಕೈಕಟ್ಟಿ ನಿಂತಿದ್ದರು.

“ದೋಣಿಗೆ ಏನಾದರೂ ಆದರೆ ನಾನು ಜವಾಬ್ದಾರನಲ್ಲ.”

“ನಿಮ್ಮನ್ನ ಯಾರೂ ಕೇಳಿಲ್ಲ,” ಎಂದರು ಒಬಾಸಾನ್. ಅವರ ಬಾಯಲ್ಲಿ ಅಷ್ಟು ಒರಟು ಮಾತು ನಾನು ಕೇಳಿರಲೇ ಇಲ್ಲ.

ಅರ್ಧ ಗಂಟೆಯ ಮೇಲೆ ಎಂಜಿನ್ ನಿಲ್ಲಿಸಿ, ನೀರು ಬಸಿಯುವ ಚಿಕ್ಕ ತಿರುಪನ್ನು ಬಿಚ್ಚಿದೆ. ಒಂದು ಹನಿಯೂ ಬೀಳಲಿಲ್ಲ. ಮೇಲಿನಿಂದ ಯಜಮಾನರು ಸಣ್ಣಗೆ ಕೆಮ್ಮಿದರು. ನನಗೆ ಮೈಯೆಲ್ಲ ಉರಿಯಿತು. ಸೆರಗಿಲ್ಲದ ಬಟ್ಟೆಗೂ ಪಿನ್ನು ಚುಚ್ಚಿಕೊಳ್ಳುವ ಅಭ್ಯಾಸ ನನ್ನದು. ಅದನ್ನೇ ಕಿತ್ತು, ನೇರ ಮಾಡಿ ತೂತಿಗೆ ತೂರಿಸಿದೆ. ಗೆಣ್ಣು ತರಚಿತು. ಉಪ್ಪಿನ ಗಂಟು ಸಡಿಲವಾಗಿ ತುಕ್ಕಿನ ನೀರು ಭರ್ರೆಂದು ನನ್ನ ತೋಳಿನ ಮೇಲೆ ಹರಿಯಿತು. ಒಬಾಸಾನ್ ಚಪ್ಪಾಳೆ ತಟ್ಟಿದರು.

ಆಮೇಲೆ ತಿರುಪು ಬಿಗಿದು, ಹೆಪ್ಪುಗಟ್ಟದ ಗುಲಾಬಿ ದ್ರವವನ್ನು ಅದೇ ಕೊಳವೆಯಿಂದ ಹೀರಿಸಿದೆವು. ಹೊಗೆಕೊಳವೆಯಿಂದ ಗುಲಾಬಿ ಬಣ್ಣ ಹೊರಬರುವವರೆಗೂ ಎಂಜಿನ್ ಓಡಿತು. ಬಂದದ್ದು ನದಿಗೆ ಬೀಳದಂತೆ ಬಕೆಟ್ಟಿನಲ್ಲಿ ಹಿಡಿದೆ.

ಏಪ್ರಿಲ್‌ನಲ್ಲಿ ಮಗ ಗುಜರಿಯ ಕಾಗದ ಹಿಡಿದು ಬಂದ. ಒಬಾಸಾನ್ ಕೀ ತಿರುಗಿಸಿದರು. ಎರಡನೇ ಸಲಕ್ಕೆ ಎಂಜಿನ್ ಚಾಲೂ ಆಯಿತು.

“ಯಾರು ಮಾಡಿಕೊಟ್ಟರು?” ಎಂದು ಯಜಮಾನರ ಕಡೆ ನೋಡಿದ.

“ನಾವಿಬ್ಬರೇ ಮಾಡಿದ್ದು,” ಎಂದರು ಒಬಾಸಾನ್. “ಕಾಗದಕ್ಕೆ ನಾನು ಸಹಿ ಹಾಕಲ್ಲ.”

ಅವನು ಕಾಗದವನ್ನು ಕೋಟಿನೊಳಗೆ ಇಟ್ಟುಕೊಂಡು ಹೋದ. ಆ ವರ್ಷ ಮತ್ತೆ ತರಲಿಲ್ಲ.

ಆ ವಾರವೇ ನಾನು ದೋಣಿ ಓಡಿಸುವ ಲೈಸೆನ್ಸಿಗೆ ಅರ್ಜಿ ತಂದೆ. ಗಂಡ ತಿರುವಿ ನೋಡಿದರು. “ಎಕ್ಸಾಮ್ ಪೂರ್ತಿ ಜಪಾನೀಸ್‌ನಲ್ಲಿದೆಯಲ್ಲೇ.”

“ಓದ್ತೀನಿ,” ಎಂದೆ.