ದಿನಾ ಆರು ಹತ್ತಕ್ಕೆ ಹೋಗುವ ಇಂಟರ್ನೆಟ್

ಬೆಳಗಿನ ಐದೂ ಮುಕ್ಕಾಲು. ಕಟ್ಟಡದ ಮೂರನೇ ಮಹಡಿಯ ಮೆಟ್ಟಿಲ ಮೇಲೆ, ಇಂಟರ್ನೆಟ್ ರಿಪೇರಿಗೆ ಬರುವ, ಎಲ್ಲರೂ ಲೈನಮ್ಮ ಎಂದೇ ಕರೆಯುವ ಹೆಂಗಸು ಕೂತಿದ್ದಾರೆ. ತೊಡೆಯ ಮೇಲೆ ಸಿಗ್ನಲ್ ಅಳೆಯುವ ಮೀಟರು, ಪಕ್ಕದಲ್ಲಿ ಒಂಬತ್ತು ಕೆಜಿಯ ಸಲಕರಣೆ ಚೀಲ. ಕಣ್ಣು ಮಾತ್ರ ಗೋಡೆಯ ಮೇಲಿನ ಬಿಳಿ ಡಬ್ಬಿಯ ಮೇಲೆ. ಇಡೀ ಕಟ್ಟಡಕ್ಕೆ ಇಂಟರ್ನೆಟ್ ಹಂಚುವುದು ಅದೇ. ಅದರ ನಾಲ್ಕು ಹಸಿರು ದೀಪಗಳು ಸದ್ಯಕ್ಕೆ ಸಾಧುವಾಗಿ ಮಿನುಗುತ್ತಿವೆ. "ಇದು ಸಾಯೋದನ್ನ ಇವತ್ತು ಕಣ್ಣಾರೆ ನೋಡ್ಲೇಬೇಕು ಸಾರ್," ಎನ್ನುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಪ್ರಾಣಿ. ನನ್ನ ಮನೆಯ ಎರಡು ಕಂಪ್ಯೂಟರುಗಳಲ್ಲಿ ಒಂದನ್ನು ಇನ್ನೊಂದಕ್ಕೆ ಜೋಡಿಸಲು ಮೂರು ಭಾನುವಾರ ಹಾಳಾಗಿವೆ. ಪ್ರಿಂಟರಂತೂ ಇವತ್ತಿಗೂ ಮುಖ ತಿರುಗಿಸಿಕೊಂಡೇ ಕೂತಿದೆ. ಈ ಕೆಲಸದವರು ಮತ್ತೆ ಕರೆಸಿಕೊಳ್ಳಲೆಂದೇ ಎಲ್ಲೋ ಒಂದು ತಂತಿ ಸಡಿಲ ಬಿಟ್ಟು ಹೋಗುತ್ತಾರೆ ಎಂಬ ಹುಳ ನನ್ನ ತಲೆಯನ್ನೂ ಕೊರೆಯುತ್ತಿದೆ. ಪತ್ರಿಕೆಗೆ ಬರೆಯಲೆಂದು ಇವರ ಬೆನ್ನು ಹತ್ತಿ ಬಂದಿರುವುದಕ್ಕೆ ಮೆಚ್ಚುಗೆಗಿಂತ ಅದೇ ಹೆಚ್ಚಿನ ಕಾರಣ.

ಎದುರಿನ ಬಾಗಿಲ ಯಜಮಾನರದ್ದೂ ಅದೇ ಅನುಮಾನ. ಕಾರ್ಖಾನೆಗಳ ತಪಾಸಣೆ ಮಾಡಿ ನಿವೃತ್ತರಾದವರು, ತಪ್ಪು ಹುಡುಕುವುದರಲ್ಲಿ ಪಳಗಿದ ಕೈ. ಅವರ ಸೊಸೆ ಬೆಳಗ್ಗೆ ಆರಕ್ಕೆ ಮನೆಯಿಂದಲೇ ದೂರದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ಮೂರು ವಾರದಿಂದ ಸರಿಯಾಗಿ ಆರು ಹತ್ತಕ್ಕೆ ಸಂಪರ್ಕ ಕೈಕೊಡುತ್ತಿದೆ. "ಮಕ್ಕಳ ಪರದೆ ಮೇಲೆ ನಾನು ಬಾಯಿ ತೆರೆದುಕೊಂಡೇ ನಿಂತುಬಿಡ್ತೀನಿ. ಮೂವರು ಆಗಲೇ ಬಿಟ್ಟುಹೋದ್ರು," ಎಂದು ಸೊಸೆ ಹೇಳುತ್ತಾರೆ. ಏಳರ ಹೊತ್ತಿಗೆ ಅದು ತಾನಾಗಿಯೇ ಬರುತ್ತದೆ. ಒಂಬತ್ತಕ್ಕೆ ಲೈನಮ್ಮ ಬಂದು ನೋಡಿದರೆ ಎಲ್ಲವೂ ಸರಿ.

ಅವರು ಮನೆಯೊಳಗಿನ ರೂಟರನ್ನು ಎರಡು ಸಲ ಬದಲಿಸಿದ್ದಾರೆ. ಪ್ರತಿ ಸಲವೂ ಮನೆಯ ಮೂರು ಕಂಪ್ಯೂಟರು, ಒಂದು ಪ್ರಿಂಟರನ್ನು ಹೊಸದಾಗಿ ಪರಿಚಯ ಮಾಡಿಸಬೇಕು. ಯಜಮಾನರು ಬೆನ್ನ ಹಿಂದೆಯೇ ನಿಂತು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರಂತೆ. ಆದರೂ ಅವರಿಂದ ಕಚೇರಿಗೆ ಮೂರನೇ ದೂರು ಹೋಗಿದೆ: "ಈಕೆ ಬಂದಾಗ ಸರಿ ಇರುತ್ತದೆ, ಹೋದ ಮೇಲೆ ಕೆಡುತ್ತದೆ. ಬೇಕೆಂದೇ ಮಾಡುತ್ತಿದ್ದಾಳೆ." ಇವತ್ತು ಸಂಜೆಯೊಳಗೆ ದೂರು ಅಳಿಯದಿದ್ದರೆ, ಮನೆಗಳೊಳಗೆ ಹೋಗಲು ಕಚೇರಿ ಕೊಟ್ಟಿರುವ ಗುರುತಿನ ಚೀಟಿಯನ್ನು ವಾಪಸ್ ಕೊಡಬೇಕು. ಅಲ್ಲಿಗೆ ಕೆಲಸವೂ ಮುಗಿಯಿತು.

ಕಾಯುತ್ತಾ ಮಾತಾಡುತ್ತೇವೆ. ಲೈನಮ್ಮನಿಗೆ ವಯಸ್ಸು ನಲವತ್ತಮೂರು. ಅಣ್ಣನ ಮೊಣಕಾಲು ಹೋದ ಮೇಲೆ ಅವನ ಚೀಲ ಇವರ ಹೆಗಲಿಗೆ ಬಂದು ಹನ್ನೊಂದು ವರ್ಷ. ದಿನಕ್ಕೆ ಎಂಟು ಮನೆ, ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಗಳು ಹತ್ತನೇ ತರಗತಿ. "ಬೈಗುಳ ಎಷ್ಟು ಅಂತ ಎಣಿಸಲ್ಲ ಸಾರ್, ಎಣಿಸಿದ್ರೆ ಮೆಟ್ಟಿಲು ಹತ್ತಕ್ಕಾಗಲ್ಲ," ಎಂದು ನಗುತ್ತಾರೆ. ಈ ನಗು ನಿಜವೋ, ಪತ್ರಿಕೆಯವನಿಗೆಂದು ಇಟ್ಟುಕೊಂಡಿದ್ದೋ? ನನಗಿನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಆರು ಒಂಬತ್ತು. ಯಜಮಾನರು ವಾಕಿಂಗ್ ಮುಗಿಸಿ ಏದುಸಿರು ಬಿಡುತ್ತಾ ಮೇಲೆ ಬರುತ್ತಾರೆ. ಲೈನಮ್ಮನನ್ನು ಕಂಡು ಹುಬ್ಬು ಗಂಟಿಕ್ಕುತ್ತಾರೆ. ಬೆಳಗಾದ ಮೇಲೆ ದೀಪವೇಕೆ ಎಂದು ಗೊಣಗಿ, ಬಾಗಿಲ ಪಕ್ಕದ ಸ್ವಿಚ್ಚನ್ನು ಟಪ್ಪೆಂದು ಆರಿಸುತ್ತಾರೆ. ಮೆಟ್ಟಿಲ ಬಲ್ಬು ಆರುತ್ತದೆ. ಜೊತೆಗೇ ಡಬ್ಬಿಯ ನಾಲ್ಕೂ ಹಸಿರು ದೀಪಗಳು.

"ಮಾವಾ, ಮತ್ತೆ ಹೋಯ್ತು!" ಒಳಗಿಂದ ಸೊಸೆಯ ಕೂಗು.

"ನೋಡಿದ್ರಾ?" ಯಜಮಾನರು ನನ್ನತ್ತ ತಿರುಗುತ್ತಾರೆ. "ಇವಳು ಇಲ್ಲೇ ಕೂತಿದ್ದಾಳೆ, ಹೋಗೇಬಿಡ್ತು!"

ಲೈನಮ್ಮ ಎದ್ದು ಸ್ವಿಚ್ ಒತ್ತುತ್ತಾರೆ. ಬಲ್ಬು ಬರುತ್ತದೆ, ಹಸಿರು ದೀಪಗಳೂ ಒಂದೊಂದಾಗಿ ಬರುತ್ತವೆ. ಆರಿಸುತ್ತಾರೆ, ಹೋಗುತ್ತವೆ. ಮತ್ತೆ ಹಾಕುತ್ತಾರೆ. ಆಮೇಲೆ ವಿಷಯ ಬಿಡಿಸಿ ಹೇಳುತ್ತಾರೆ. ಮೂರು ವಾರದ ಹಿಂದೆ ಮೆಟ್ಟಿಲ ವೈರಿಂಗ್ ರಿಪೇರಿ ಮಾಡಿದ ಎಲೆಕ್ಟ್ರಿಷಿಯನ್, ಡಬ್ಬಿಯ ಕರೆಂಟನ್ನೂ ಈ ಬಲ್ಬಿನ ಸ್ವಿಚ್ಚಿಗೇ ಸೇರಿಸಿದ್ದಾನೆ. ಏಳಕ್ಕೆ ಮೇಲ್ಮನೆಯಾಕೆ ಮಕ್ಕಳನ್ನು ಶಾಲೆಗೆ ಇಳಿಸುವಾಗ ಮೆಟ್ಟಿಲು ಕತ್ತಲೆಂದು ಮತ್ತೆ ಹಾಕಿದರೆ, ಮರುದಿನ ಬೆಳಗಿನವರೆಗೂ ಅದು ಉರಿಯುತ್ತಲೇ ಇರುತ್ತದೆ. ಉಳಿದ ಮನೆಗಳವರು ಆ ಒಂದು ಗಂಟೆ ಹೊದಿಕೆಯೊಳಗೇ ಇರುವುದರಿಂದ ಅವರ ದೂರಿಲ್ಲ.

ಯಜಮಾನರು ಸ್ವಿಚ್ಚನ್ನು ನೋಡಿ, ತಮ್ಮ ಬೆರಳನ್ನು ನೋಡಿಕೊಳ್ಳುತ್ತಾರೆ. ನನಗೇ ನಾಚಿಕೆಯಾಗುತ್ತದೆ. ಕೊನೆಗೆ ಅವರು ಫೋನಿನಲ್ಲಿ ದೂರು ತೆರೆದು "ಸಮಸ್ಯೆ ಬಗೆಹರಿದಿದೆ" ಎಂದು ಬರೆದು ತೋರಿಸುತ್ತಾರೆ.

ಲೈನಮ್ಮ ಓದಿ ತಲೆಯಾಡಿಸುತ್ತಾರೆ. "ಇಷ್ಟೇ ಬರೆದ್ರೆ ನಾನೇ ಕೆಡಿಸಿ ನಾನೇ ಸರಿಮಾಡ್ದೆ ಅಂತಾಗುತ್ತೆ ಸಾರ್. ಸ್ವಿಚ್ ಯಾರು ಆರಿಸ್ತಿದ್ರು ಅಂತಾನೂ ಬರೀರಿ." ದನಿ ಏರಿಲ್ಲ, ಆದರೆ ಕಾಲು ಜಾಗ ಬಿಟ್ಟು ಕದಲುವುದಿಲ್ಲ.

"ಬರೀರಿ ಮಾವ," ಬಾಗಿಲಲ್ಲಿ ನಿಂತ ಸೊಸೆ ಹೇಳುತ್ತಾರೆ.

ಒಂದೊಂದೇ ಅಕ್ಷರ ಒತ್ತುತ್ತಾ ಅವರು ಬರೆಯುತ್ತಾರೆ: "ಸ್ವಿಚ್ ಆರಿಸುತ್ತಿದ್ದವನು ನಾನು. ಇವರ ತಪ್ಪೇನೂ ಇಲ್ಲ." ಕಳಿಸಿದ ಮೇಲೆ ಲೈನಮ್ಮ ಅದನ್ನು ಎರಡು ಸಲ ಓದುತ್ತಾರೆ.

"ನಂಗೂ ಒಂದು ಕಳಿಸ್ತೀರಾ ಸಾರ್?" ಎಂದು ಕೇಳುತ್ತಾರೆ. "ತಪ್ಪಿಲ್ಲ ಅಂತ ಇದುವರೆಗೂ ಯಾರೂ ಬರೆದುಕೊಟ್ಟಿಲ್ಲ. ಮಗಳಿಗೆ ತೋರಿಸ್ಬೇಕು."